ಕಬ್ಬು ನುರಿಸುವ ಹಂಗಾಮು, ಕ್ಯಾಟ್ ಪರೀಕ್ಷೆ: ಒಂದು ತಯಾರಿಯ ಟಿಪ್ಪಣಿ

ಮೇ 2025

ಈ ವರ್ಷ ಕ್ಯಾಟ್, ಅಂದರೆ ಐಐಎಂಗಳಂಥ ಮ್ಯಾನೇಜ್‌ಮೆಂಟ್ ಸಂಸ್ಥೆಗಳ ಪ್ರವೇಶ ಪರೀಕ್ಷೆ, ಬರೆಯುತ್ತೇನೆ. ಕೆಲಸ ಬಿಡುವುದಿಲ್ಲ. ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಕೆಮಿಸ್ಟ್. ಹಂಗಾಮು ಇದ್ದಾಗ ನಮ್ಮ ಪಾಳಿಗಳು ಬೆಳಗಿನ ಜಾವ ನಾಲ್ಕಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ ಮತ್ತು ರಾತ್ರಿ ಎಂಟಕ್ಕೆ ಬದಲಾಗುತ್ತವೆ. ಹಂಗಾಮು ಮುಗಿದ ಮೇಲೆ ಓವರ್‌ಹಾಲಿಂಗ್, ಅಂದರೆ ಯಂತ್ರಗಳನ್ನು ಬಿಚ್ಚಿ ದುರಸ್ತಿ ಮಾಡುವುದು. ಆಗ ಮಾತ್ರ ಎಲ್ಲರಂತೆ ಬೆಳಿಗ್ಗೆ ಹೋಗಿ ಸಂಜೆ ಬರುವ ಕೆಲಸ.

ತೊಂದರೆ ಇರುವುದು ಇಲ್ಲೇ. ಕ್ಯಾಟ್ ನಡೆಯುವುದು ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ. ಯಾವ ಕೋಚಿಂಗ್‌ನವರ ವೇಳಾಪಟ್ಟಿ ತೆಗೆದರೂ ಮೇ ತಿಂಗಳಲ್ಲಿ ಮೂಲಪಾಠ, ಆಗಸ್ಟ್‌ವರೆಗೆ ಅಭ್ಯಾಸ, ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಅಣಕು ಪರೀಕ್ಷೆಗಳ ಸುಗ್ಗಿ. ನಮ್ಮಲ್ಲಿ ಅಕ್ಟೋಬರ್ ಕೊನೆಗೆ ಬಾಯ್ಲರ್ ಪ್ರದೀಪನವಾಗಿ ಗಾಣ ತಿರುಗಲು ಶುರುವಾದರೆ ಮತ್ತೆ ಉಸಿರಾಡುವುದು ಮಾರ್ಚ್‌ನಲ್ಲಿ. ಆದ್ದರಿಂದ ವೇಳಾಪಟ್ಟಿಯನ್ನು ತಲೆಕೆಳಗು ಮಾಡಿದ್ದೇನೆ. ಪಾಠ ಮುಗಿಯದಿದ್ದರೂ ಅಣಕು ಪರೀಕ್ಷೆಗಳನ್ನು ಜೂನ್‌ನಿಂದಲೇ ಬರೆಯುವುದು, ಹಂಗಾಮು ಶುರುವಾದ ಮೇಲೆ ಹೊಸದೇನನ್ನೂ ಮುಟ್ಟದೆ ಕೈ ಬಿಸಿಯಾಗಿಟ್ಟುಕೊಳ್ಳುವುದು.

ಗುರಿಯನ್ನೂ ಬರೆದಿಡುತ್ತೇನೆ. ಅಹಮದಾಬಾದ್ ಐಐಎಂನಲ್ಲಿ ಆಹಾರ ಮತ್ತು ಕೃಷಿ ವ್ಯವಹಾರದ ಕೋರ್ಸ್ ಇದೆ, ಲಖನೌ ಐಐಎಂನಲ್ಲಿ ಕೃಷಿ ವ್ಯವಹಾರದ ಕೋರ್ಸ್ ಇದೆ. ಎರಡಕ್ಕೂ ಕ್ಯಾಟ್ ಬೇಕು. ಬಿ.ಎಸ್ಸಿ. ಆದಮೇಲೆ ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಓದಿ, ಈ ವಾಸನೆಯಲ್ಲೇ ಇಷ್ಟು ಹಂಗಾಮು ಕಳೆದವನಿಗೆ ಷೇರು ಪೇಟೆಯ ಕಡೆ ಹೋಗುವ ಆಸೆ ಇಲ್ಲ.

ಜೂನ್

ಲೆಕ್ಕ ನನಗೆ ಭಯ ಹುಟ್ಟಿಸುವ ವಿಷಯವಲ್ಲ. ಮಿಶ್ರಣದ ಲೆಕ್ಕಗಳಂತೂ ದಿನದ ಕೆಲಸವೇ. ಹಿಂಡಿದ ರಸದ ಬ್ರಿಕ್ಸ್ 15 ಎಂದಿಟ್ಟುಕೊಳ್ಳಿ. ಅಂದರೆ ನೂರು ಟನ್ ರಸದಲ್ಲಿ ಹದಿನೈದು ಟನ್ ಕರಗಿದ ಘನಪದಾರ್ಥ. ಅದನ್ನು ಇವಾಪೊರೇಟರ್‌ನಲ್ಲಿ 60 ಬ್ರಿಕ್ಸ್‌ನ ಸಿರಪ್ ಮಾಡಬೇಕು. ಘನಪದಾರ್ಥ ಎಲ್ಲಿಗೂ ಹೋಗುವುದಿಲ್ಲ, ಆ ಹದಿನೈದು ಟನ್ನೇ ಈಗ ನೂರಕ್ಕೆ ಅರವತ್ತು ಆಗಬೇಕು. ಹಾಗಾದರೆ ಸಿರಪ್ 25 ಟನ್, ಆವಿಯಾದ ನೀರು 75 ಟನ್. ಪುಸ್ತಕದಲ್ಲಿ ಇದೇ ಲೆಕ್ಕ ಹಸಿ ದ್ರಾಕ್ಷಿ ಒಣದ್ರಾಕ್ಷಿಯ ವೇಷದಲ್ಲಿ ಬರುತ್ತದೆ. ಬದಲಾಗದೆ ಉಳಿಯುವುದು ಯಾವುದು ಎಂದು ಮೊದಲು ಹಿಡಿದರೆ ಪೆನ್ನು ಮುಟ್ಟುವ ಅಗತ್ಯವೂ ಬೀಳುವುದಿಲ್ಲ.

ಜ್ಯಾಮಿತಿ ಮತ್ತು ಲಾಗರಿದಮ್ ಮಾತ್ರ ತುಕ್ಕು ಹಿಡಿದಿವೆ. ಅಸಮಾನತೆಗಳನ್ನು ಹೊಸದಾಗಿಯೇ ಕಲಿಯುತ್ತಿದ್ದೇನೆ. ಇದರ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ, ಕುಳಿತು ಬಿಡಿಸಬೇಕು ಅಷ್ಟೇ.

ಜುಲೈ

ಅಣಕು ಪರೀಕ್ಷೆಗಳು ಹೇಳುತ್ತಿರುವ ಸುದ್ದಿ ಬೇರೆಯೇ. ನನ್ನನ್ನು ಕೆಳಗೆ ಎಳೆಯುತ್ತಿರುವುದು ಗಣಿತವಲ್ಲ, ಇಂಗ್ಲಿಷೂ ಅಲ್ಲ, ನಡುವಿನ ವಿಭಾಗ.

ಪರೀಕ್ಷೆಯ ರಚನೆ ಗೊತ್ತಿಲ್ಲದವರಿಗಾಗಿ: ಒಟ್ಟು ಎರಡು ಗಂಟೆ. ಮೊದಲು ಇಂಗ್ಲಿಷ್, ಆಮೇಲೆ ದತ್ತಾಂಶ ಮತ್ತು ತರ್ಕ, ಕೊನೆಗೆ ಗಣಿತ. ಒಂದೊಂದಕ್ಕೂ ನಲವತ್ತು ನಿಮಿಷ. ಒಂದು ಬೇಗ ಮುಗಿಯಿತೆಂದು ಇನ್ನೊಂದಕ್ಕೆ ಹಾರಲು ಬಿಡುವುದಿಲ್ಲ. ಕಳೆದ ವರ್ಷ ಈ ಮೂರರಲ್ಲಿ ಕ್ರಮವಾಗಿ 24, 22, 22 ಪ್ರಶ್ನೆಗಳಿದ್ದವು. ಸರಿ ಉತ್ತರಕ್ಕೆ ಮೂರು ಅಂಕದಂತೆ ಒಟ್ಟು 204. ಇದರಲ್ಲಿ ಅರ್ಧದಷ್ಟು ಅಂಕ ಬಂದವರು 99 ಪರ್ಸೆಂಟೈಲ್ ದಾಟಿದ್ದರು. ಇದನ್ನು ಅಪ್ಪನಿಗೆ ವಿವರಿಸಲು ಹೋದರೆ, "ಅರ್ಧ ಅಂಕಕ್ಕೆ ನೂರಕ್ಕೆ ತೊಂಬತ್ತೊಂಬತ್ತು ಹೇಗೆ ಬರುತ್ತದೆ ತಮ್ಮಾ?" ಎಂದು ನಕ್ಕರು. ಪರ್ಸೆಂಟೈಲ್ ಎಂದರೆ ಅಂಕವಲ್ಲ, ನಮ್ಮ ಹಿಂದೆ ಎಷ್ಟು ಜನ ಉಳಿದರು ಎಂಬ ಲೆಕ್ಕ. ಕಳೆದ ವರ್ಷ ಬರೆದವರು ಸುಮಾರು 2.93 ಲಕ್ಷ. 99 ಎಂದರೂ ನಮ್ಮ ಮುಂದೆ ಮೂರು ಸಾವಿರದ ಹತ್ತಿರ ಜನ ಇರುತ್ತಾರೆ.

ಅರ್ಧ ಸಾಕು ಎಂದಮೇಲೆ ಉಳಿದರ್ಧವನ್ನು ಬಿಡಲೇಬೇಕು. ತರ್ಕದ ವಿಭಾಗದಲ್ಲಿ ಇದು ಎದ್ದು ಕಾಣುತ್ತದೆ. ಐದು ಗುಂಪು ಪ್ರಶ್ನೆಗಳಿರುತ್ತವೆ, ಪ್ರತಿಯೊಂದರ ಹಿಂದೆಯೂ ಒಂದು ಕೋಷ್ಟಕವೋ ಒಗಟೋ ಇರುತ್ತದೆ. ಎರಡನ್ನು ಪೂರ್ತಿಯಾಗಿ, ಮೂರನೆಯದನ್ನು ಸಾಧ್ಯವಾದಷ್ಟು ಬಿಡಿಸಿದರೆ ಒಳ್ಳೆಯ ಸ್ಥಾನವೇ. ಉಳಿದವುಗಳಲ್ಲಿ ಒಂದಾದರೂ ಹಠಮಾರಿ ಇರುತ್ತದೆ. ಇಪ್ಪತ್ತು ನಿಮಿಷ ತಿಂದು, ಕೊನೆಗೆ ಒಂದು ಸುಳಿವು ಎಲ್ಲಿ ಕೂರುತ್ತದೆಂದು ತಿಳಿಯದೆ ಕೈಕೊಡುತ್ತದೆ. ಅಂಥದ್ದನ್ನು ನಾಲ್ಕೈದು ನಿಮಿಷದಲ್ಲೇ ಗುರುತಿಸಿ ಎದ್ದು ಹೋಗುವುದೇ ಈ ವಿಭಾಗದ ಜಾಣತನ.

ನನಗೆ ಎದ್ದು ಹೋಗಲು ಬರುವುದಿಲ್ಲ. ಇದಕ್ಕೆ ಕಾರಣ ನನ್ನ ನೌಕರಿ ಎಂಬ ಗುಮಾನಿ ಬಲವಾಗುತ್ತಿದೆ. ಸಿರಪ್ಪನ್ನು ಹರಳುಗಟ್ಟಿಸುವ ದೊಡ್ಡ ಪಾತ್ರೆಗೆ ಪ್ಯಾನ್ ಎನ್ನುತ್ತೇವೆ. ಅದರಲ್ಲಿ ಪಾಕ ಕುದಿಯುತ್ತಿರುವಾಗ ನಮ್ಮ ಪ್ಯಾನ್‌ಮನ್ ಕಾಕಾ ಕದಲುವುದಿಲ್ಲ. ಆಗಾಗ ಒಂದು ಹನಿ ಗಾಜಿನ ಪಟ್ಟಿಯ ಮೇಲೆ ತೆಗೆದು, ದೀಪಕ್ಕೆ ಹಿಡಿದು, ಹರಳು ಸಮನಾಗಿ ಬೆಳೆಯುತ್ತಿದೆಯೇ ಎಂದು ನೋಡುತ್ತಾರೆ. ಪಾಕ ಮಿತಿಮೀರಿ ಗಟ್ಟಿಯಾದರೆ ಬೇಡದ ಸಣ್ಣ ಹರಳುಗಳು ಹುಟ್ಟಿಕೊಂಡು ಇಡೀ ಪ್ಯಾನ್ ಕೆಡುತ್ತದೆ. ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋಗುವವನಿಗೆ ಅಲ್ಲಿ ಜಾಗವಿಲ್ಲ. ಹಿಡಿದದ್ದನ್ನು ಮುಗಿಸಿಯೇ ಏಳುವವನನ್ನು ಕಾರ್ಖಾನೆ ಮೆಚ್ಚುತ್ತದೆ, ಪರೀಕ್ಷೆ ಶಿಕ್ಷಿಸುತ್ತದೆ. ಕೆಲಸದಲ್ಲಿರುವವರಿಗೆ ಸಮಯ ಸಾಲದು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜವೇ. ಆದರೆ ಕೆಲಸ ಕಲಿಸಿದ ಒಳ್ಳೆಯ ಗುಣಗಳೇ ಅಡ್ಡ ಬರುತ್ತವೆ ಎಂದು ಯಾರೂ ಹೇಳಿದ್ದು ಕೇಳಿಲ್ಲ.

ಮಾಡುತ್ತಿರುವ ಉಪಾಯ ಇಷ್ಟು. ವಿಭಾಗ ತೆರೆದ ಕೂಡಲೇ ಏನನ್ನೂ ಬಿಡಿಸದೆ ಐದೂ ಗುಂಪುಗಳನ್ನು ಓದಿ ಸಾಲು ಹಚ್ಚುವುದು. ಬಿಡಿಸದೆ ಕೂರುವ ಆ ಐದು ನಿಮಿಷ ಮೈಮೇಲೆ ಇರುವೆ ಹರಿದಂತಾಗುತ್ತದೆ. ಆಮೇಲೆ ಆಯ್ದುಕೊಂಡ ಗುಂಪಿನಲ್ಲಿ ಏಳನೆಯ ನಿಮಿಷಕ್ಕೆ ಕೋಷ್ಟಕದ ಅರ್ಧ ಮನೆಗಳೂ ತುಂಬಿರದಿದ್ದರೆ ಅಲ್ಲಿಗೇ ಗೆರೆ ಎಳೆಯುವುದು.

ಆಗಸ್ಟ್

ಅರ್ಜಿ ಹಾಕಿದೆ. ಸಾಮಾನ್ಯ ವರ್ಗಕ್ಕೆ ಶುಲ್ಕ 2,600 ರೂಪಾಯಿ. ಈ ಸಲ ಪರೀಕ್ಷೆ ನಡೆಸುವ ಹೊಣೆ ಕೋಯಿಕ್ಕೋಡ್ ಐಐಎಂನದ್ದು, ದಿನಾಂಕ ನವೆಂಬರ್ 30. ಮೊದಲ ಆಯ್ಕೆಯಾಗಿ ಬೆಳಗಾವಿ, ನಂತರ ಹುಬ್ಬಳ್ಳಿ ಕೊಟ್ಟಿದ್ದೇನೆ. ಹತ್ತನೆಯ ತರಗತಿಯಿಂದ ಹಿಡಿದು ಪದವಿಯವರೆಗಿನ ಅಂಕಗಳನ್ನು ತುಂಬುವಾಗ ಹಳೆಯ ಗಾಯಗಳನ್ನೆಲ್ಲ ಮುಟ್ಟಿ ನೋಡಿದಂತಾಯಿತು. ಹಲವು ಐಐಎಂಗಳು ಸಂದರ್ಶನಕ್ಕೆ ಕರೆಯುವಾಗ ಆ ಅಂಕಗಳನ್ನೂ ಕೆಲಸದ ಅನುಭವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಹತ್ತನೆಯ ತರಗತಿಯನ್ನು ಇನ್ನೊಮ್ಮೆ ಬರೆಯಲಾಗದು. ಅನುಭವದ ತಿಂಗಳುಗಳು ಮಾತ್ರ ತಾವಾಗಿಯೇ ಬೆಳೆಯುತ್ತಿವೆ. ಕೆಲಸ ಬಿಡದಿರುವುದಕ್ಕೆ ಇದೂ ಒಂದು ಕಾರಣ.

ಸೆಪ್ಟೆಂಬರ್

ಇಂಗ್ಲಿಷ್ ಗದ್ಯದ ಬಗ್ಗೆ ಬರೆಯಬೇಕು. ಹತ್ತನೆಯ ತರಗತಿಯವರೆಗೆ ನಾನು ಕನ್ನಡ ಮಾಧ್ಯಮ. ಪದಗಳು ಈಗ ಅಷ್ಟು ಕಾಡುವುದಿಲ್ಲ, ಕಾಡುವುದು ವಾದದ ಜಾಡು. ನಾಲ್ಕು ಗದ್ಯಭಾಗಗಳು, ಒಂದೊಂದಕ್ಕೂ ನಾಲ್ಕು ಪ್ರಶ್ನೆ. ಇಂದು ಮಾನವಶಾಸ್ತ್ರ, ನಾಳೆ ಹವಳದ ದಿಬ್ಬ, ನಾಡಿದ್ದು ಯಾರೋ ತತ್ತ್ವಜ್ಞಾನಿಯ ತಕರಾರು.

ಒಂದು ಅಭ್ಯಾಸ ಫಲ ಕೊಡುತ್ತಿದೆ. ಪ್ರತಿ ಪ್ಯಾರಾ ಮುಗಿದಾಗ ನಿಂತು, ಲೇಖಕ ಇಲ್ಲಿ ಯಾರ ಜೊತೆ ಜಗಳ ತೆಗೆದಿದ್ದಾನೆ ಎಂದು ಕನ್ನಡದಲ್ಲೇ ಒಂದು ಸಾಲು ಬರೆದುಕೊಳ್ಳುವುದು. ಮೊನ್ನೆ ನಗರಗಳ ಬೆಳವಣಿಗೆಯ ಬಗ್ಗೆ ಒಂದು ಗದ್ಯವಿತ್ತು. ನಾಲ್ಕು ಪ್ಯಾರಾಗಳಿಗೆ ನಾನು ಬರೆದದ್ದು: "ಹಳಬರು ಹೀಗೆನ್ನುತ್ತಾರೆ. ಹೌದು ಎನ್ನಿಸುತ್ತದೆ. ಆದರೆ ಬಂದರು ಪಟ್ಟಣಗಳಿಗೆ ಇದು ಹೊಂದುವುದಿಲ್ಲ. ಹಾಗೆಂದು ಹಳಬರು ಪೂರ್ತಿ ತಪ್ಪಲ್ಲ." ಪ್ರಶ್ನೆಗೆ ಕೊಟ್ಟ ಆಯ್ಕೆಗಳಲ್ಲಿ ಒಂದು, ಹಳೆಯ ಸಿದ್ಧಾಂತವನ್ನು ಲೇಖಕ ತಳ್ಳಿಹಾಕುತ್ತಾನೆ ಎನ್ನುತ್ತಿತ್ತು. ಇಂಗ್ಲಿಷಿನಲ್ಲಿ ಓದಿದಾಗ ಅದು ಸರಿಯೆಂದೇ ಕಂಡಿತ್ತು. ನನ್ನ ನಾಲ್ಕನೆಯ ಸಾಲಿನ ಪಕ್ಕದಲ್ಲಿಟ್ಟ ಕೂಡಲೇ ಬಣ್ಣ ಬಯಲಾಯಿತು. ನಿಜವಾದ ಪರೀಕ್ಷೆಯಲ್ಲಿ ಬರೆಯುವಷ್ಟು ಹೊತ್ತು ಇರುವುದಿಲ್ಲ, ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಈಗ ಬಹುಪಾಲು ಹಾಗೆಯೇ ಆಗುತ್ತಿದೆ.

ಊಹೆಯ ಬಗ್ಗೆ ಒಂದು ಮಾತು. ತಪ್ಪಿಗೆ ಒಂದು ಅಂಕ ಕಳೆಯುತ್ತಾರೆಂದು ಹಲವರು ಊಹಿಸಲು ಹೆದರುತ್ತಾರೆ. ನಾಲ್ಕು ಆಯ್ಕೆಗಳಲ್ಲಿ ಕಣ್ಣು ಮುಚ್ಚಿ ಒಂದನ್ನು ಒತ್ತಿದರೆ ಸರಾಸರಿ ಲಾಭ ಸರಿಯಾಗಿ ಸೊನ್ನೆ: ನಾಲ್ಕರಲ್ಲಿ ಒಂದು ಸಲ ಮೂರು ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಲು ಸಾಧ್ಯವಾದರೆ ಲೆಕ್ಕ ನಮ್ಮ ಕಡೆ ವಾಲುತ್ತದೆ. ಆಯ್ಕೆಗಳಿಲ್ಲದೆ ಉತ್ತರ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವೇ ಇಲ್ಲ, ಅವುಗಳನ್ನು ಖಾಲಿ ಬಿಡುವುದು ದಂಡ.

ನವೆಂಬರ್ ಮೊದಲ ವಾರ

ಗಾಣ ನಿಂತಿದೆ. ಯಂತ್ರ ಕೆಟ್ಟು ಅಲ್ಲ.

ಅಕ್ಟೋಬರ್ ಕೊನೆಯಿಂದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಧರಣಿ ಕುಳಿತಿದ್ದಾರೆ. ಕಟಾವು, ಸಾಗಣೆಯ ವೆಚ್ಚ ಬಿಟ್ಟು ಟನ್‌ಗೆ 3,500 ರೂಪಾಯಿ ಬೇಕೆಂಬುದು ಬೇಡಿಕೆ. ಕಬ್ಬಿನ ಗಾಡಿಗಳು ಬರುತ್ತಿಲ್ಲ. ನಮಗೆ ಪಾಳಿಗೆ ಹಾಜರಾಗುವುದು, ಕಾಯುವುದು, ಹಿಂದಿರುಗುವುದು. ಅಪ್ಪ ಊರಿನವರ ಜೊತೆ ಟ್ರ್ಯಾಕ್ಟರ್‌ನಲ್ಲಿ ಗುರ್ಲಾಪುರಕ್ಕೆ ಹೋಗಿ ಬಂದರು. ನನಗೆ ಬೇಡದೆ ಬಂದ ಬಿಡುವು, ಅವರಿಗೆ ಹೊಲದಲ್ಲಿ ಒಣಗುತ್ತಿರುವ ಕಬ್ಬು. ಆ ಬಿಡುವಿನಲ್ಲಿ ಅಣಕು ಪರೀಕ್ಷೆ ಬರೆಯಲು ಕುಳಿತರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಾಗುತ್ತದೆ. ಆದರೂ ಬರೆದೆ.

ರಾತ್ರಿ ಊಟದ ಹೊತ್ತಿಗೆ ಅಪ್ಪನ ಜೊತೆ ಬೆಲೆಯ ಲೆಕ್ಕ ಹಾಕಿದೆವು. ಕೇಂದ್ರ ಈ ಹಂಗಾಮಿಗೆ ನಿಗದಿ ಮಾಡಿರುವ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಕ್ವಿಂಟಲ್‌ಗೆ 355 ರೂಪಾಯಿ, ಅದೂ ಇಳುವರಿ, ಅಂದರೆ ನೂರು ಕಿಲೋ ಕಬ್ಬಿನಿಂದ ಸಿಗುವ ಸಕ್ಕರೆ, ಶೇ 10.25 ಇದ್ದರೆ. ಅಲ್ಲಿಂದ ಪ್ರತಿ 0.1ರಷ್ಟು ಏರಿಕೆಗೆ 3.46 ರೂಪಾಯಿ ಹೆಚ್ಚು, ಇಳಿದರೆ ಅಷ್ಟೇ ಕಡಿಮೆ, ಶೇ 9.5ಕ್ಕಿಂತ ಕೆಳಗೆ ಹೋದರೂ 329.05ಕ್ಕಿಂತ ಕಡಿಮೆ ಕೊಡುವಂತಿಲ್ಲ. ಶೇ 11.25 ಇಳುವರಿ ಇದ್ದರೆ ಹತ್ತು ಮೆಟ್ಟಿಲು, 34.60 ಸೇರಿ ಕ್ವಿಂಟಲ್‌ಗೆ 389.60, ಅಂದರೆ ಟನ್‌ಗೆ 3,896. ಇದರಲ್ಲಿ ಕಟಾವು ಮತ್ತು ಸಾಗಣೆಯ ವೆಚ್ಚ ಕಳೆದ ಮೇಲೆ ಉಳಿದದ್ದು ರೈತನ ಕೈಗೆ. ಕಟಾವಿನ ದರ, ದೂರ, ಇಳುವರಿ ಮೂರನ್ನೂ ಬದಲಿಸುತ್ತಾ ಹೋದರೆ ನಾಲ್ಕು ಪ್ರಶ್ನೆಗಳ ಒಳ್ಳೆಯ ಗುಂಪೇ ಸಿದ್ಧ. "ನಮ್ಮ ಬಿಲ್ಲನ್ನು ನಿನ್ನ ಪರೀಕ್ಷೆಯಲ್ಲಿ ಕೇಳುತ್ತಾರೇನು?" ಎಂದು ಅಪ್ಪ ಕೇಳಿದರು. ಕೇಳಿದರೆ ನಾನೊಬ್ಬನೇ ಬಿಡಿಸುತ್ತೇನೆ ಎಂದೆ. "ಮೊದಲು ಆ ಇಳುವರಿಯನ್ನು ಸರಿಯಾಗಿ ಬರೆಯಿರಿ" ಎಂದು ತಟ್ಟೆ ತೊಳೆಯಲು ಎದ್ದರು. ಬೆಳೆಗಾರರಿಗೆಲ್ಲ ಇರುವ ಅನುಮಾನ ಅದು, ಇಳುವರಿ ಬರೆಯುವ ಪ್ರಯೋಗಾಲಯದಲ್ಲಿ ಮಗನೇ ಇದ್ದರೂ ಹೋಗುವುದಿಲ್ಲ. ಕೃಷಿ ವ್ಯವಹಾರವನ್ನೇ ಏಕೆ ಓದಬೇಕು ಎಂದು ಸಂದರ್ಶನದಲ್ಲಿ ಕೇಳಿದರೆ ಈ ಊಟದ ವಿಷಯ ಹೇಳಬೇಕೆಂದಿದ್ದೇನೆ. ಸಂದರ್ಶನದವರೆಗೆ ಹೋದರೆ.

ನವೆಂಬರ್ ನಡುವೆ

ಏಳರಂದು ಮುಖ್ಯಮಂತ್ರಿ ಬೆಂಗಳೂರಿನಲ್ಲಿ ಸಭೆ ನಡೆಸಿ ಟನ್‌ಗೆ 3,300 ಎಂದು ತೀರ್ಮಾನವಾಯಿತು. ಗುರ್ಲಾಪುರದ ಧರಣಿ ಮುಗಿಯಿತು. ಮುಧೋಳದ ಕಡೆ ಅಷ್ಟಕ್ಕೇ ತಣ್ಣಗಾಗಲಿಲ್ಲ. ಗಾಣ ಯಾವಾಗ ಪೂರ್ತಿ ವೇಗಕ್ಕೆ ಬರುತ್ತದೋ ಹೇಳುವಂತಿಲ್ಲ, ಬಂದ ದಿನದಿಂದ ರಜೆ ಎಂಬ ಮಾತನ್ನು ಎತ್ತುವಂತಿಲ್ಲ.

ತರ್ಕದ ವಿಭಾಗ ಸುಧಾರಿಸಿದೆ. ಈಚಿನ ಅಣಕು ಪರೀಕ್ಷೆಯೊಂದರಲ್ಲಿ ಗುಂಪೊಂದನ್ನು ಆರನೆಯ ನಿಮಿಷಕ್ಕೇ ಬಿಟ್ಟು ಎದ್ದೆ. ಮುಗಿದ ಮೇಲೆ ನೋಡಿದರೆ ಅದು ಎಲ್ಲಕ್ಕಿಂತ ಸುಲಭದ ಗುಂಪಾಗಿತ್ತು. ಹಾಗಾದರೂ ಒಟ್ಟು ಅಂಕ ಜುಲೈಗಿಂತ ಸಾಕಷ್ಟು ಮೇಲಿತ್ತು, ಆದ್ದರಿಂದ ನಿಯಮ ಬದಲಿಸುವುದಿಲ್ಲ.

ಪ್ರವೇಶ ಪತ್ರ ಬಂದಿದೆ. ಬೆಳಗಾವಿ, ಮಧ್ಯಾಹ್ನ 12:30ರ ಪಾಳಿ. ಒಂದೇ ದಿನ ಮೂರು ಪಾಳಿಗಳಲ್ಲಿ ಪರೀಕ್ಷೆ ನಡೆಸಿ ಅಂಕಗಳನ್ನು ಸರಿತೂಗಿಸುತ್ತಾರೆ. ಯಾವುದು ಸಿಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಬೆಳಗಿನದು ಬಂದಿದ್ದರೆ ಹೆಚ್ಚು ತೊಂದರೆಯಾಗುತ್ತಿತ್ತು. ಈಗಲೂ ಶನಿವಾರ ರಾತ್ರಿ ಎಂಟರ ಪಾಳಿ ನನ್ನ ಹೆಸರಿಗೇ ಇತ್ತು. ಅದು ಮುಗಿಯುವುದು ಬೆಳಗಿನ ಜಾವ ನಾಲ್ಕಕ್ಕೆ. ಆ ಕಣ್ಣಿನಲ್ಲಿ ಹವಳದ ದಿಬ್ಬದ ಬಗ್ಗೆ ಓದಿದರೆ ಎಲ್ಲ ಆಯ್ಕೆಗಳೂ ಸರಿಯಾಗಿಯೇ ಕಾಣುತ್ತವೆ. ಸೆಪ್ಟೆಂಬರ್‌ನಲ್ಲಿ ಬೇಕೆಂದೇ ನಿದ್ದೆಗೆಟ್ಟು ಬರೆದು ನೋಡಿ ತಿಳಿದ ವಿಷಯ ಇದು.

ಚೀಫ್ ಕೆಮಿಸ್ಟ್ ಸಾಹೇಬರನ್ನು ಕಂಡು ಹೇಳಿದೆ. "ಓದಿ ನಮ್ಮ ಮೇಲೆಯೇ ಸಾಹೇಬನಾಗಿ ಬರುತ್ತೀಯೋ?" ಎಂದರು, ಆದರೆ ಬದಲಿ ಹುಡುಕಿಕೊಂಡರೆ ಅಡ್ಡಿಯಿಲ್ಲ ಎಂದೂ ಹೇಳಿದರು. ಜೊತೆಯ ಕೆಮಿಸ್ಟ್ ಒಪ್ಪಿದ್ದಾನೆ. ಶನಿವಾರ ಸಂಜೆಯ ಬಸ್ಸಿಗೆ ಬೆಳಗಾವಿಗೆ ಹೋಗಿ ಹಳೆಯ ಸಹಪಾಠಿಯ ಕೋಣೆಯಲ್ಲಿ ಮಲಗುವುದು. ಅಲ್ಲಿಯವರೆಗೆ ದಿನಕ್ಕೊಂದು ಗದ್ಯ, ಒಂದು ಗುಂಪು, ಸ್ವಲ್ಪ ಜ್ಯಾಮಿತಿ. ಹೊಸ ಅಧ್ಯಾಯ ಯಾವುದೂ ಇಲ್ಲ. ನನ್ನ ಪಾಳಿ ವಹಿಸಿಕೊಂಡ ಕೆಮಿಸ್ಟ್‌ಗೆ ಪ್ರತಿಯಾಗಿ ಡಿಸೆಂಬರ್ ಮೊದಲ ವಾರ ಅವನ ರಾತ್ರಿ ಪಾಳಿಗಳನ್ನು ನಾನು ಮಾಡಿಕೊಡಬೇಕು, ಆದ್ದರಿಂದ ಪರೀಕ್ಷೆ ಹೇಗಾಯಿತೆಂದು ಬರೆಯುವುದು ಅದರ ಮುಂದಿನ ವಾರವೇ.