ಕಾನಾ ಊರಿನ ಮದುವೆ, ಹರಿಹರದ ಹಬ್ಬ

ಸೆಪ್ಟೆಂಬರ್ 8 ಯೇಸುವಿನ ತಾಯಿ ಮಾತೆ ಮರಿಯಮ್ಮನವರ ಹುಟ್ಟುಹಬ್ಬ. ಹರಿಹರದಲ್ಲಿ ಆರೋಗ್ಯ ಮಾತೆ ಅಂತ ಕರೆಯುವ ಆ ತಾಯಿಯ ಉತ್ಸವ. ಅದಕ್ಕೂ ಮುಂಚೆ ಒಂಬತ್ತು ದಿನ ನವೇನ ಪ್ರಾರ್ಥನೆ. ದಾವಣಗೆರೆ ಕಡೆಯಿಂದ ನಡೆದು ಬರುವವರು, ಬಸ್ಸಲ್ಲಿ ಬರುವವರು, ಮಗುವನ್ನು ಹೆಗಲ ಮೇಲೆ ಹೊತ್ತು ತರುವವರು, ಎಲ್ಲರ ಕೈಯಲ್ಲೂ ಮೊಂಬತ್ತಿ. ಬರುವವರು ಬರೀ ನಮ್ಮ ಕ್ರೈಸ್ತ ಸಭೆಯವರಲ್ಲ. ಹಣೆಗೆ ವಿಭೂತಿ ಇಟ್ಟ ಅಜ್ಜಂದಿರೂ ಬರುತ್ತಾರೆ, ಬುರ್ಖಾ ಹಾಕಿದ ತಾಯಂದಿರೂ ಬರುತ್ತಾರೆ. ಹರಿಹರೇಶ್ವರನ ಊರಲ್ಲಿ ಇದು ಯಾರಿಗೂ ಹೊಸದಲ್ಲ. ತಾಯಿ ಹತ್ತಿರ ಹೋಗೋಕೆ ಯಾರ ಅಪ್ಪಣೆ ಬೇಕು, ಅಲ್ವಾ?

ಈ ಸಲ ನಾನು ಹೋದದ್ದು ಭಾರವಾದ ಮನಸ್ಸಿನಿಂದ. ನಮ್ಮನೆಯವರು ದುಡಿಯುತ್ತಿದ್ದ ಕಾರ್ಖಾನೆ ಬೇಸಿಗೆಯಲ್ಲಿ ಬಾಗಿಲು ಹಾಕಿತು. ಮಗಳು ಪಿಯುಸಿ ಓದುತ್ತಿದ್ದಾಳೆ. ಮನೆ ಸಾಲದ ಕಂತು ತಿಂಗಳು ತಿಂಗಳು ಕಟ್ಟಬೇಕು. ಇದಕ್ಕಿಂತ ಜಾಸ್ತಿ ಹೇಳುವುದು ಬೇಡ. ಇಂಥ ಕಷ್ಟ ಯಾವ ಮನೆಯಲ್ಲಿಲ್ಲ?

ನಮ್ಮಜ್ಜಿಯ ವಿಷಯ ಹೇಳಬೇಕು. ಅವಳು ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುತ್ತಿದ್ದಳು. ಭತ್ತ ನೆನೆಸಿ, ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸಬೇಕು. ಆಮೇಲೆ ಅಕ್ಕಿ ಮಾಡಿಸಿ, ಉಪ್ಪು ಹಾಕಿ, ಕಾದ ಮರಳಲ್ಲಿ ಹುರಿಯಬೇಕು. ಮೋಡ ಕಟ್ಟಿದರೆ ಭತ್ತ ಒಣಗುವುದಿಲ್ಲ. ಭತ್ತ ಒಣಗದಿದ್ದರೆ ಭಟ್ಟಿ ಹಚ್ಚುವುದಿಲ್ಲ. ಭಟ್ಟಿ ಹಚ್ಚದಿದ್ದರೆ ಅಜ್ಜಿಗೆ ಕೂಲಿ ಇಲ್ಲ. ಮಳೆಗಾಲ ಪೂರ್ತಿ ನಮ್ಮ ಮನೆಯವರೆಲ್ಲ ಆಕಾಶ ನೋಡುತ್ತಿದ್ದರು.

ಬಿಸಿ ಮರಳಿನ ಮುಂದೆ ಕೂತು ಕೂತು ಅವಳ ಅಂಗೈ ಗಡುಸಾಗಿತ್ತು. ಹೆಬ್ಬೆರಳು ಸೀಳಿತ್ತು. ರಾತ್ರಿ ಮಣಿ ಎಣಿಸುತ್ತಾ ಮರಿಯಮ್ಮನ ಜಪಸರ ಹೇಳುವಾಗ ನಾನು ಅವಳ ತೊಡೆ ಮೇಲೆ ಮಲಗಿರುತ್ತಿದ್ದೆ. ಒಂದೊಂದು ನಮೋ ಮರಿಯಾ ಪ್ರಾರ್ಥನೆಗೂ ಮಣಿ ಆ ಸೀಳಿಗೆ ಸಿಕ್ಕಿ, ಟಕ್ ಅಂತ ಜಾರುತ್ತಿತ್ತು. ನನ್ನ ಕಿವಿಯ ಪಕ್ಕದಲ್ಲೇ ಆ ಸದ್ದು. ನಿದ್ದೆ ಹತ್ತುವ ಹೊತ್ತಿಗೆ ಪ್ರಾರ್ಥನೆಯ ಮಾತೆಲ್ಲ ಕರಗಿ ಅದೊಂದು ಸದ್ದು ಉಳಿಯುತ್ತಿತ್ತು. ಇನ್ನೊಂದು ಕೈ ನನ್ನ ತಲೆ ಮೇಲೆ. ಒರಟಾದ, ಬೆಚ್ಚಗಿನ ಕೈ. ಎಷ್ಟು ತೊಳೆದರೂ ಹೊಟ್ಟಿನ ಹೊಗೆ ವಾಸನೆ ಬಿಡುತ್ತಿರಲಿಲ್ಲ.

ಜಿಟಿಜಿಟಿ ಮಳೆ ಹಿಡಿದಾಗ ಅಮ್ಮ ಕೇಳುತ್ತಿದ್ದಳು, “ಅತ್ತೇ, ನಾಳೆನೂ ಹಿಂಗೇ ಹಿಡ್ಕಂಡ್ರೆ ಏನ್ ಮಾಡಾದು?”

“ನಾಳಿಂದು ಆತ ನೋಡ್ಕಂತಾನೆ ಬಿಡವ್ವ. ನೀ ಇವತ್ತು ಒಲೆ ಹಚ್ಚು.”

ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಯೇಸು ಕಲಿಸಿದ ಪರಲೋಕ ಮಂತ್ರದಲ್ಲಿ ನಾವು ಕೇಳುವುದು ಇವತ್ತಿನ ಊಟವನ್ನು, ವರ್ಷದ ದಿನಸಿಯನ್ನಲ್ಲ. ಮರಳುಗಾಡಿನಲ್ಲಿ ಇಸ್ರಾಯೇಲರು 40 ವರ್ಷ ದೇವರು ಆಕಾಶದಿಂದ ಕೊಟ್ಟ ಮನ್ನಾ ಎಂಬ ಆಹಾರ ತಿಂದರು. ಅದನ್ನೂ ಆಯಾ ದಿನಕ್ಕೆ ಬೇಕಾದಷ್ಟೇ ಆರಿಸಿಕೊಳ್ಳಬೇಕಿತ್ತು. ನಾಳೆಗಿರಲಿ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು. ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡು ದಿನದ್ದು. ಇದನ್ನೆಲ್ಲ ನಾನು ಓದಿ ತಿಳಿದೆ. ದಿನಗೂಲಿಯ ಅಜ್ಜಿ ಹಾಗೇ ಬದುಕಿದಳು.

ಹಬ್ಬದ ದಿನ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸದ ಬಲಿಪೂಜೆ ಮುಗಿದ ಮೇಲೆ ಸಾಲಲ್ಲಿ ನಿಂತು ತಾಯಿಯ ಮುಂದೆ ಬಂದೆ. ಏನೇನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಒಂದು ಮಾತೂ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಮೊಂಬತ್ತಿಯ ಮೇಣ ಕರಗಿ ಅಂಗೈ ಮೇಲೆ ಬಿತ್ತು. ಚುರ್ ಅಂತು. ಆಮೇಲೆ ಆ ಬಿಸಿ ಬೆಚ್ಚಗಾಗಿ, ಗಟ್ಟಿಯಾಗಿ, ಚರ್ಮಕ್ಕೆ ಅಂಟಿಕೊಂಡಿತು. ಅಜ್ಜಿಯ ಕೈ! ನೆನಪಾಯಿತು ಅಂದರೆ ಸಾಲದು. ತಲೆ ಮೇಲೆ ಇಟ್ಟ ಹಾಗೇ ಆಯಿತು. ಅಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿ ಯಾರಿದ್ದರೋ, ಸಾಲು ಹೇಗೆ ಮುಂದೆ ಹೋಯಿತೋ ತಿಳಿಯಲಿಲ್ಲ. ಎಷ್ಟೋ ತಿಂಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದ ಭಯ ಸಡಿಲವಾಯಿತು. ಇದು ತಾಯಿಯ ಕೃಪೆ. ಬೇರೆ ಏನು ಹೇಳಲಿ?

ಅವತ್ತಿನಿಂದ ಬೈಬಲಿನ ಕಾನಾ ಊರಿನ ಮದುವೆಯ ಕಥೆ ನನ್ನ ಮನಸ್ಸು ಬಿಟ್ಟು ಹೋಗಿಲ್ಲ. ಮದುವೆ ಮನೆಯಲ್ಲಿ ದ್ರಾಕ್ಷಾರಸ ಮುಗಿಯಿತು. ಮಾನ ಹೋಗುವ ಹೊತ್ತು. ಮರಿಯಮ್ಮ ಮಗನ ಹತ್ತಿರ ಹೋಗಿ ಹೇಳಿದ್ದು ಒಂದೇ ಮಾತು, ಅವರಲ್ಲಿ ದ್ರಾಕ್ಷಾರಸ ಇಲ್ಲ ಅಂತ. ಹೀಗೆ ಮಾಡು, ಇಷ್ಟು ಹೊತ್ತಿಗೆ ಮಾಡು ಅಂತ ಏನೂ ಹೇಳಲಿಲ್ಲ. ನನ್ನ ಸಮಯ ಇನ್ನೂ ಬಂದಿಲ್ಲ ಅಂದರು ಯೇಸು. ಆ ಉತ್ತರ ಕೇಳಿದರೆ ನಮ್ಮಂಥವರು ಮುಖ ಸಣ್ಣ ಮಾಡಿಕೊಂಡು ಹಿಂದಿರುಗುತ್ತಿದ್ದೆವು. ತಾಯಿ ಆಳುಗಳ ಕಡೆ ತಿರುಗಿ, ಆತ ಹೇಳಿದ ಹಾಗೆ ಮಾಡಿ ಅಂದರು.

ಅಲ್ಲಿದ್ದ ಕಲ್ಲಿನ ಬಾನಿಗಳು ಆರು. ಅವಕ್ಕೆ ನೀರು ತುಂಬಿಸಿ ಅಂದರು ಯೇಸು. ಒಂದೊಂದಕ್ಕೂ ಹೆಚ್ಚುಕಮ್ಮಿ 100 ಲೀಟರ್ ನೀರು ಹಿಡಿಯುತ್ತದೆ. ಆ ಆಳುಗಳನ್ನು ನೆನೆಸಿಕೊಳ್ಳಿ. ನಲ್ಲಿ ಇಲ್ಲ, ಪೈಪ್ ಇಲ್ಲ. ಹೊತ್ತು ಹೊತ್ತು ತಂದು ಸುರಿಯಬೇಕು. ಆ ನೀರೇ ಕೊನೆಗೆ ದ್ರಾಕ್ಷಾರಸ ಆಯಿತು. ಆದರೆ ಹಾಗಾಗುತ್ತೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಊಟದ ಮನೆಯಲ್ಲಿ ಕುಡಿಯಲು ಇಲ್ಲದಿರುವಾಗ ಈ ನೀರು ಯಾಕೆ ಅಂತ ಕೇಳಬಹುದಿತ್ತು. ಅರ್ಧ ತುಂಬಿಸಿ ಸುಮ್ನೆ ಕೂರಬಹುದಿತ್ತು. ಅಂಚಿನ ತನಕ ತುಂಬಿಸಿದರು ಅಂತ ಯೋಹಾನರು ಬರೆದಿದ್ದಾರೆ. ನನಗೆ ಬೇಕಾದ ವಿಶ್ವಾಸ ಆ ಆಳುಗಳದು. ನಮ್ಮನೆಯವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅರ್ಜಿ ಹಿಡಿದು ಕಾರ್ಖಾನೆಯಿಂದ ಕಾರ್ಖಾನೆಗೆ ತಿರುಗುತ್ತಾರಲ್ಲ, ಅದೂ ಬಾನಿ ತುಂಬಿಸುವ ಕೆಲಸವೇ.

ನಾಳೆಯನ್ನು ಮುಂಚಿತವಾಗಿ ತಿಳಿಯುವ ಆಸೆ ಈಗ ನಮ್ಮ ಜನರಲ್ಲಿ ತುಂಬಾ ಜಾಸ್ತಿಯಾಗಿದೆ. ಹೊಸ ವರ್ಷಕ್ಕೆ ವಾಗ್ದಾನದ ಕಾರ್ಡು ತೆಗೆಯುತ್ತಾರೆ. ಅದರಲ್ಲಿರುವುದು ದೇವರ ವಾಕ್ಯವೇ, ಅದಕ್ಕೆ ನನ್ನ ಬೇಸರ ಇಲ್ಲ. ಆದರೆ ಈ ತಿಂಗಳು ನಿಮಗೆ ಬಿಡುಗಡೆ, ಮುಂದಿನ ತಿಂಗಳು ಹಣ ಬರುತ್ತೆ ಅಂತ ಭವಿಷ್ಯ ಹೇಳುವವರ ವಿಡಿಯೋಗಳನ್ನು ಒಬ್ಬರಿಗೊಬ್ಬರು ಕಳಿಸುತ್ತಾರೆ. ಹೇಳಿದ್ದು ಆಗದಿದ್ದರೆ ವಿಶ್ವಾಸವೇ ಕುಸಿಯುತ್ತದೆ. ದೇವರ ಮಗನನ್ನು ಹೆರುವೆ ಅಂತ ಮರಿಯಮ್ಮನಿಗೆ ಹೇಳಿದ ದೇವದೂತ, ಹೆರಿಗೆಯಾಗಲಿದ್ದ ಬೆತ್ಲೆಹೇಮಿನ ಗೋದಲಿ ತೋರಿಸಲಿಲ್ಲ. ರಾತ್ರೋರಾತ್ರಿ ಈಜಿಪ್ಟಿಗೆ ಓಡುವುದನ್ನು ಹೇಳಲಿಲ್ಲ. ಶಿಲುಬೆಯ ಬುಡದಲ್ಲಿ ನಿಲ್ಲುವುದನ್ನೂ ಹೇಳಲಿಲ್ಲ. ಆದರೂ ಆ ತಾಯಿ ಒಪ್ಪಿಕೊಂಡರು.

ಇನ್ನೊಂದು ಮಾತು. ಸಂಜೆ ಮನೆಮಂದಿ ಒಟ್ಟಿಗೆ ಕೂತು ಜಪಸರ ಹೇಳುವ ಮನೆಗಳು ಕಮ್ಮಿಯಾಗುತ್ತಿವೆ. ಹಬ್ಬಕ್ಕೆ ಹರಿಹರಕ್ಕೆ ಬರುತ್ತೇವೆ, ಮೊಂಬತ್ತಿ ಹಚ್ಚುತ್ತೇವೆ, ಫೋಟೋ ತೆಗೆಯುತ್ತೇವೆ. ಮನೆಗೆ ಬಂದರೆ ಟಿವಿ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮೊಬೈಲು. ಮಕ್ಕಳು ಯಾರ ತೊಡೆ ಮೇಲೆ ಮಲಗಿ ಪ್ರಾರ್ಥನೆ ಕಲಿಯಬೇಕು?

ಹಬ್ಬದಿಂದ ಬಂದ ಮೇಲೆ ನಮ್ಮಲ್ಲಿ ಮತ್ತೆ ಶುರುವಾಗಿದೆ. ಗುರುವಾರ ಬೆಳಕಿನ ರಹಸ್ಯಗಳು, ಅಂದರೆ ಜಪಸರದ ಜೊತೆ ಧ್ಯಾನಿಸುವ ಯೇಸುವಿನ ಬದುಕಿನ ಐದು ಘಟನೆಗಳು. ಎರಡನೆಯದೇ ಕಾನಾ ಊರಿನ ಮದುವೆ. ಈ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪಾಲ್ ಅವರು 2002ರಲ್ಲಿ ಸೇರಿಸಿದ್ದು. ಅಷ್ಟೊತ್ತಿಗೆ ಅಜ್ಜಿ ತೀರಿಕೊಂಡಿದ್ದಳು. ಈಗ ರಹಸ್ಯ ಓದುವುದು ನನ್ನ ಮಗಳು. ನಮ್ಮನೆಯವರು ಗಟ್ಟಿಯಾಗಿ ಪ್ರಾರ್ಥನೆ ಮಾಡುವವರೇ ಅಲ್ಲ. ಉತ್ತರ ಮಾತ್ರ ತುಟಿಯಲ್ಲೇ ಹೇಳುತ್ತಾರೆ. ಮೊನ್ನೆ ಗುರುವಾರ ಮಗಳು ಎರಡನೇ ರಹಸ್ಯ ಓದಿ ನಿಲ್ಲಿಸಿದಾಗ ಅವರೇ ಬಾಯಿ ಬಿಟ್ಟು ಹೇಳಿದರು, “ತಾಯೇ, ನನಗೆ ಕೆಲಸ ಇಲ್ಲ. ನಿನ್ನ ಮಗನಿಗೆ ಒಂದು ಮಾತು ಹೇಳು.”

ಆಮೇಲೆ ಹತ್ತು ನಮೋ ಮರಿಯಾ ಹೇಳಿ ಮೂರನೇ ರಹಸ್ಯಕ್ಕೆ ಹೋದೆವು.