ವ್ಯಾಸಂಗ ಪ್ರಮಾಣಪತ್ರ

"ಏನವ್ವಾ, ಓದು ಬಿಟ್ಟುಬಿಟ್ಟೆಯಾ?" ಎಂದು ಅಪ್ಪ ಫೋನಿನಲ್ಲಿ ಕೇಳಿದಾಗ ನಾನು ಕಲಬುರಗಿಯಲ್ಲಿ ಕಾಲೇಜಿನ ಪ್ರಯೋಗಾಲಯದೊಳಗಿದ್ದೆ. 2023ರ ಆಗಸ್ಟ್ ತಿಂಗಳ ಕೊನೆ, ಎಂ.ಟೆಕ್. ಎರಡನೆಯ ಸೆಮಿಸ್ಟರ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಅಪ್ಪನಿಗೆ ಬ್ಯಾಂಕಿನಿಂದ ಕರೆ ಬಂದಿತ್ತು. ನಿಮ್ಮ ಮಗಳ ಓದು ಮುಗಿದು ವರ್ಷ ದಾಟಿತು, ಬಿ.ಇ.ಗೆ ಪಡೆದ ಶಿಕ್ಷಣ ಸಾಲದ ಎರಡು ಕಂತು ಬಾಕಿ ಇದೆ ಎಂದಿದ್ದರಂತೆ. ಹಣದ ಚಿಂತೆಗಿಂತಲೂ, ಮಗಳು ತನ್ನಿಂದ ಏನೋ ಮುಚ್ಚಿಟ್ಟಳು ಎಂಬ ಸಂಕಟವೇ ಆ ದನಿಯಲ್ಲಿ ಹೆಚ್ಚಾಗಿತ್ತು.

ಮರುದಿನ ಕಾಲೇಜಿನ ಕಚೇರಿಯಲ್ಲಿ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಂಡು, ಸಹಿ, ಮೊಹರು ಹಾಕಿಸಿಕೊಂಡು ರಾತ್ರಿ ಬಸ್ ಹತ್ತಿದೆ. ಬೆಳಿಗ್ಗೆ ಬಳ್ಳಾರಿಯಲ್ಲಿ ಇಳಿದವಳು ಮನೆಗೂ ಹೋಗದೆ ಬ್ಯಾಂಕಿಗೆ ನಡೆದೆ. ಬಾಗಿಲು ತೆರೆಯುವ ಮೊದಲೇ ಅಪ್ಪ ಅಲ್ಲಿ ನಿಂತಿದ್ದ. ಹೊಲಿದಷ್ಟಕ್ಕೇ ಕೂಲಿ ಸಿಗುವ ಕೆಲಸ ಅವನದು.

ಸಾಲದ ವಿಭಾಗದ ಮೇಡಂ ತಾಳ್ಮೆಯಿಂದ ಬಿಡಿಸಿ ಹೇಳಿದರು. ಶಿಕ್ಷಣ ಸಾಲದ ಮೊರಟೋರಿಯಂ, ಅಂದರೆ ಕಂತು ಕಟ್ಟಬೇಕಿಲ್ಲದ ಅವಧಿ, ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ. ನನ್ನ ಬಿ.ಇ. ಮುಗಿದದ್ದು 2022ರ ಜೂನ್‌ನಲ್ಲಿ. ಅವರ ಲೆಕ್ಕ ಸರಿಯಾಗಿಯೇ ಇತ್ತು. ಎಂ.ಟೆಕ್.ಗೆ ಗೇಟ್ ಪ್ರವೇಶ ಪರೀಕ್ಷೆಯ ಆಧಾರದ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ ಬರುತ್ತಿದ್ದುದರಿಂದ ನಾನು ಹೊಸ ಸಾಲ ಕೇಳಿರಲಿಲ್ಲ. ಹಾಗಾಗಿ ನಾನು ಮತ್ತೆ ಓದಲು ಸೇರಿದ್ದು ಬ್ಯಾಂಕಿಗೆ ತಿಳಿಯುವ ದಾರಿಯೇ ಇರಲಿಲ್ಲ. ತಿಳಿಸಬೇಕೆಂದು ನನಗೂ ಗೊತ್ತಿರಲಿಲ್ಲ. ಸಾಲ ಕೊಡುವ ದಿನವೇ ಈ ಮಾತನ್ನು ಒಂದು ಚೀಟಿಯಲ್ಲಿ ಬರೆದುಕೊಡಬಾರದೇ ಎಂದು ನನಗೆ ಇಂದಿಗೂ ಅನಿಸುತ್ತದೆ.

ಆಮೇಲೆ ಅವರು ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿ ತೋರಿಸಿದರು. ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ವರ್ಷ ಪಡೆದ ಸಾಲ, ಶೇ. 10ರ ಸರಳ ಬಡ್ಡಿ. ಓದು ಮುಗಿಯುವಷ್ಟರಲ್ಲಿ ಬಡ್ಡಿಯೇ ಒಂದು ಲಕ್ಷ, ಕಾಯುವ ವರ್ಷಕ್ಕೆ ಇನ್ನೂ 40,000. ಒಟ್ಟು 5.40 ಲಕ್ಷ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು 7,000 ರೂಪಾಯಿಗೂ ಹೆಚ್ಚು. ಓದುವಾಗ ಕಂತಿಗೆ ಮಾತ್ರ ಬಿಡುವು, ಬಡ್ಡಿಗೆ ಒಂದು ದಿನದ ಬಿಡುವೂ ಇಲ್ಲ. ಈ ಲೆಕ್ಕವನ್ನು ನಾನು ಎಂಜಿನಿಯರ್ ಆಗಿಯೂ ಒಮ್ಮೆಯೂ ಹಾಕಿ ನೋಡಿರಲಿಲ್ಲ.

ಬಾಕಿ 90 ದಿನ ದಾಟಿದ್ದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತಿತ್ತು. ಅಪ್ಪ ಜಂಟಿ ಸಾಲಗಾರ, ಆದ್ದರಿಂದ ಹೊಸ ಸಾಲ ಕೊಡುವ ಮೊದಲು ಬ್ಯಾಂಕುಗಳು ನೋಡುವ ಸಿಬಿಲ್ ಅಂಕ ಅವನದೂ ಕುಸಿಯುತ್ತಿತ್ತು. ಸ್ವಂತಕ್ಕೊಂದು ಹೊಲಿಗೆ ಯಂತ್ರ ಕೊಳ್ಳಲು ಸಾಲ ಕೇಳಬೇಕೆಂದು ಅವನು ಎರಡು ವರ್ಷದಿಂದ ಹೇಳುತ್ತಿದ್ದ. ನನಗೆ ಅವನ ಮುಖ ನೋಡಲಾಗಲಿಲ್ಲ.

ಎಂ.ಟೆಕ್. ಮುಗಿಯುವವರೆಗೆ ಕಂತು ಮುಂದೂಡುವಂತೆ ಅರ್ಜಿ ಬರೆದು, ಪ್ರಮಾಣಪತ್ರ ಲಗತ್ತಿಸಿ ಕೊಟ್ಟೆ. ಮೂರು ವಾರಗಳ ನಂತರ ಒಪ್ಪಿಗೆ ಬಂತು. ಪ್ರತಿ ವರ್ಷವೂ ಹೊಸ ಪ್ರಮಾಣಪತ್ರ ತಂದುಕೊಡಿ ಎಂದು ಮೇಡಂ ಅಂದೇ ಎರಡು ಸಲ ಹೇಳಿದ್ದರು.

ಹೊರಗೆ ಬಂದ ಮೇಲೆ ಅಪ್ಪ, "ತಿಂಗಳಿಗೆ ಎರಡು ಸಾವಿರ ಬಡ್ಡಿಗೆಂದು ಈಗಿನಿಂದಲೇ ಕಟ್ಟೋಣ" ಎಂದ. ವಿದ್ಯಾರ್ಥಿವೇತನದಲ್ಲಿ ನಾನೇ ಕಟ್ಟುತ್ತೇನೆ ಎಂದೆ. ಅವನು ಸ್ವೀಕೃತಿಯ ಮೊಹರು ಬಿದ್ದ ಅರ್ಜಿಯ ಪ್ರತಿಯನ್ನು ಕೈಗೆ ತೆಗೆದುಕೊಂಡು, "ವಿದ್ಯಾರ್ಥಿನಿ" ಎಂದಿದ್ದ ಜಾಗವನ್ನು ಬೆರಳಿಟ್ಟು ಓದಿದ. ಮತ್ತೆ ಮಡಚಿ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡ.