ಮನೆಯಿಂದಲೇ ಪ್ಯಾರಾಲೀಗಲ್ ಕೆಲಸ: ನಾಲ್ಕನೇ ತಿಂಗಳು, ಕಾಣೆಯಾದ ಒಂದೂವರೆ ಎಕರೆ

ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮ ಮನೆ. ಅಡುಗೆಮನೆ ಪಕ್ಕದ ಸಣ್ಣ ರೂಮೇ ಈಗ ನನ್ನ ಆಫೀಸು. ವಕೀಲರೊಬ್ಬರ ಹತ್ತಿರ ಆರು ವರ್ಷ ಕೆಲಸ ಮಾಡಿ ಬಿಟ್ಟ ಮೇಲೆ, ಮೂವರು ವಕೀಲರಿಗೆ ಮನೆಯಿಂದಲೇ ಫೈಲು ಸಿದ್ಧ ಮಾಡಿಕೊಡುತ್ತಿದ್ದೇನೆ. ಇಬ್ಬರು ಇಲ್ಲಿಯವರು, ಒಬ್ಬರು ಬೆಂಗಳೂರಿನ ಹೈಕೋರ್ಟ್‌ನಲ್ಲಿ. ಬರುವುದು ಹೆಚ್ಚಾಗಿ ಜಮೀನಿನ ಕೇಸುಗಳು. ಪಹಣಿ (ಜಮೀನು ಯಾರದು, ಎಷ್ಟು ಅಂತ ಹೇಳುವ ಸರ್ಕಾರಿ ದಾಖಲೆ), ಮ್ಯುಟೇಶನ್ (ಮಾಲೀಕರ ಹೆಸರು ಬದಲಾದ ದಾಖಲೆ), ಕ್ರಯಪತ್ರ ಜೋಡಿಸುವುದು, ತಾರೀಖುಗಳ ಪಟ್ಟಿ ಬರೆಯುವುದು, ಹಳೆ ಕನ್ನಡ ದಾಖಲೆಗಳನ್ನು ಇಂಗ್ಲಿಷಿಗೆ ತರುವುದು, ಇಷ್ಟೇ. ಸಲಹೆ ಕೊಡುವುದು, ವಾದ ಮಾಡುವುದು ವಕೀಲರ ಕೆಲಸ.

ಪ್ರತಿ ಫೈಲಿಗೂ ಅದೇ ಲೆಕ್ಕ ಮತ್ತೆ ಮತ್ತೆ ಮಾಡಿ ಬೇಜಾರಾಗಿತ್ತು. ಹಾಗಾಗಿ ಈ ತಿಂಗಳು ನನ್ನದೇ ಒಂದು ಎಕ್ಸೆಲ್ ಶೀಟ್ ಕಟ್ಟಲು ಕೂತೆ.

ಮೊದಲ ವಾರ

ಸರ್ವೆ ನಂಬರ್, ವಿಸ್ತೀರ್ಣ, ಪಹಣಿಯ ಕಾಲಂ 9ರಲ್ಲಿ ಮಾಲೀಕರಾಗಿ ಯಾರ ಹೆಸರು, ಕಾಲಂ 11ರಲ್ಲಿ ಸಾಲ ಇದೆಯಾ, ಮ್ಯುಟೇಶನ್ ನಂಬರ್ ಏನು. ಪಹಣಿ ನೋಡಿ ತುಂಬುತ್ತಾ ಹೋದರೆ ಕೊನೆಯಲ್ಲಿ ಒಟ್ಟು ವಿಸ್ತೀರ್ಣ ತಾನೇ ಬರುವಂತೆ ಮಾಡಿದೆ. ಅರ್ಧ ದಿನದ ಕೆಲಸ. ಬಹಳ ಖುಷಿಯಾಯಿತು. ಆ ಖುಷಿಯಲ್ಲೇ ಒಂದು ಪಾಲಿನ ದಾವೆಯ ಷೆಡ್ಯೂಲನ್ನು, ಅಂದರೆ ಆಸ್ತಿಗಳ ಪಟ್ಟಿಯನ್ನು, ಅದರಲ್ಲಿ ಮಾಡಿ ಕಳಿಸಿಬಿಟ್ಟೆ.

ಎರಡನೇ ವಾರ

ವಕೀಲರ ಫೋನು. "ಏನಮ್ಮಾ, ಇವರ ಒಂದೂವರೆ ಎಕರೆ ಎಲ್ಲಿ ಹೋಯ್ತು?"

ಶೀಟ್ ತೆಗೆದು ನೋಡಿದೆ. ಮೂರು ತುಂಡು ಜಮೀನು. 35 ಗುಂಟೆ, 30 ಗುಂಟೆ, 38 ಗುಂಟೆ. ಪಹಣಿಯಲ್ಲಿರುವ ಹಾಗೆ ನಾನು 0.35, 0.30, 0.38 ಅಂತ ಹೊಡೆದಿದ್ದೆ. ಎಕ್ಸೆಲ್ ಕೂಡಿಸಿ 1.03 ಕೊಟ್ಟಿತ್ತು. ನಾನು ಅದನ್ನು ಒಂದು ಎಕರೆ ಮೂರು ಗುಂಟೆ ಅಂತ ಬರೆದಿದ್ದೆ. ಆದರೆ ಎಕರೆಗೆ ಇರುವುದು 40 ಗುಂಟೆ, ನೂರಲ್ಲ. 103 ಗುಂಟೆ ಅಂದರೆ 2 ಎಕರೆ 23 ಗುಂಟೆ. ಸರಿಯಾಗಿ 1 ಎಕರೆ 20 ಗುಂಟೆ ನುಂಗಿಹಾಕಿದ್ದೆ!

ಮೊತ್ತ 1.65 ಅಂತ ಬಂದಿದ್ದರೆ ಕಣ್ಣಿಗೆ ಬೀಳುತ್ತಿತ್ತು, 65 ಗುಂಟೆ ಅಂತ ಯಾರೂ ಬರೆಯುವುದಿಲ್ಲ ಅಲ್ವಾ. 1.03 ನೋಡಲು ಸಭ್ಯವಾಗಿತ್ತು, ಅದಕ್ಕೇ ತಪ್ಪಿಸಿಕೊಂಡಿತು. ದಾವೆ ಇನ್ನೂ ಕೋರ್ಟಿಗೆ ಹೋಗಿರಲಿಲ್ಲ, ಬಚಾವಾದೆ.

ಹುಡುಕುತ್ತಾ ಹೋದರೆ ಇನ್ನೊಂದು ಸಿಕ್ಕಿತು. 1.20 ಅಂತ ಹೊಡೆದರೆ ಎಕ್ಸೆಲ್ ಕೊನೆಯ ಸೊನ್ನೆ ಕಿತ್ತು 1.2 ಮಾಡುತ್ತದೆ. ಓದುವವರಿಗೆ ಅದು ಒಂದು ಎಕರೆ ಎರಡು ಗುಂಟೆ.

ಈಗ ಎಕರೆಗೆ ಒಂದು ಕಾಲಂ, ಗುಂಟೆಗೆ ಬೇರೆ ಕಾಲಂ. ಎಲ್ಲವನ್ನೂ ಮೊದಲು ಗುಂಟೆ ಮಾಡಿ, ಕೂಡಿ, 40ರಿಂದ ಭಾಗಿಸಬೇಕು. ಭಾಗಲಬ್ಧ ಎಕರೆ, ಶೇಷ ಗುಂಟೆ. ಪ್ರೈಮರಿ ಸ್ಕೂಲಿನ ಲೆಕ್ಕ. ಗುಂಟೆ ಕಾಲಂನಲ್ಲಿ 40 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕೆಂಪಾಗುವಂತೆಯೂ ಮಾಡಿದ್ದೇನೆ.

ಮೂರನೇ ವಾರ

ತಾರೀಖಿನ ಶೀಟ್. ಚೆಕ್ ಬೌನ್ಸ್ ಕೇಸಿನಲ್ಲಿ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ ಹಣ ಕೊಡಲು 15 ದಿನ. ಕೊಡದಿದ್ದರೆ ದೂರು ಹಾಕಲು ಒಂದು ತಿಂಗಳು. ಈ ಕೊನೆಯದು ಕ್ಯಾಲೆಂಡರ್ ತಿಂಗಳು, 30 ದಿನ ಅಲ್ಲ. ನಾನು ಸುಮ್ನೆ 30 ಕೂಡಿಸಿದ್ದೆ. ಜನವರಿ ಕೊನೆಯಲ್ಲಿ ಶುರುವಾದರೆ ಫೆಬ್ರವರಿ ದಾಟಿ ಮಾರ್ಚ್ ತೋರಿಸುತ್ತಿತ್ತು. ಬದಲಾಯಿಸಿದೆ. ಆದರೂ ಕೊನೆಯ ತಾರೀಖು ವಕೀಲರೇ ನೋಡಿ ಹೇಳಬೇಕು ಅಂತ ಶೀಟಿನ ಮೇಲೆಯೇ ದಪ್ಪಕ್ಷರದಲ್ಲಿ ಬರೆದಿದ್ದೇನೆ.

ಅನುವಾದದ ಫೈಲೂ ಇದೇ ವಾರ ಬಂತು. ಹಳೆ ಕ್ರಯಪತ್ರ, ಕೈಬರಹ, ಎರಡು ಕಡೆ ಹುಳ ತಿಂದಿದೆ. ಮೊಬೈಲ್ ಆ್ಯಪ್‌ಗೆ ಕೊಟ್ಟು ನೋಡಿದೆ, ತಮಾಷೆಗೆ. ತಂದೆಯ ಹೆಸರಿನ ಮೊದಲು ಬರುವ 'ಬಿನ್' ಅನ್ನು ಮನುಷ್ಯನ ಹೆಸರೇ ಮಾಡಿಬಿಟ್ಟಿತು. ಗಂಡನ ಹೆಸರಿನ ಮೊದಲು ಬರುವ 'ಕೋಂ' ಗತಿಯೂ ಅದೇ. ಚಕ್ಕುಬಂದಿಯನ್ನು, ಅಂದರೆ ಜಮೀನಿನ ನಾಲ್ಕೂ ದಿಕ್ಕಿನ ಗಡಿ ವಿವರವನ್ನು, ಮುಟ್ಟಲೇ ಇಲ್ಲ. ಕೊನೆಗೆ ನಾನೇ ಕೂತು ಮಾಡಿದೆ. ಹಳೆ ನುಡಿ ಫಾಂಟಿನ ಫೈಲುಗಳದ್ದು ಇನ್ನೊಂದು ಕಾಟ. ಯೂನಿಕೋಡ್‌ಗೆ ತಂದಾಗ ಕೆಲವೊಮ್ಮೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿ ಕೂರುತ್ತದೆ. ಹೆಸರುಗಳನ್ನು ಒಂದೊಂದಾಗಿ ನೋಡಲೇಬೇಕು.

ಮಧ್ಯೆ ಪಕ್ಕದ ಮನೆ ಆಂಟಿ ಬಂದರು. "ನಮ್ಮ ಅಣ್ಣಂದಿರು ಪಾಲು ಕೊಡ್ತಿಲ್ಲ, ನೀನೇ ಒಂದು ನೋಟಿಸ್ ಬರೆದುಕೊಡು ಪುಟ್ಟಿ." ಕಾಫಿ ಕೊಟ್ಟೆ, ನೋಟಿಸ್ ಕೊಡಲಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ ಅಂದೆ. "ಹಾಗಾದ್ರೆ ನೀನು ಮನೇಲಿ ಕೂತು ಏನ್ ಮಾಡ್ತೀಯಾ?" ಅಂತ ಕೇಳಿದರು. ಗುಂಟೆ ಎಣಿಸ್ತೀನಿ ಆಂಟಿ ಅಂದೆ.

ನಾಲ್ಕನೇ ವಾರ

ಮಳೆ ಹಿಡಿದಿದೆ, ಕರೆಂಟ್ ಬಂದು ಹೋಗಿ ಮಾಡುತ್ತಿದೆ. ಯುಪಿಎಸ್ ಇಪ್ಪತ್ತು ನಿಮಿಷ ಎಳೆಯುತ್ತದೆ, ಅಷ್ಟರಲ್ಲಿ ಸೇವ್ ಮಾಡಿ ಮುಚ್ಚಬೇಕು. ಆ ಪಾಲಿನ ದಾವೆಯ ವಕೀಲರು ಮತ್ತೊಂದು ಫೈಲು ಕಳಿಸಿದ್ದಾರೆ, ಅಂದರೆ ನನ್ನನ್ನು ಬಿಟ್ಟಿಲ್ಲ. ತೆಗೆದು ನೋಡಿದರೆ ಇದರಲ್ಲಿ ಗುಂಟೆಯ ಪಕ್ಕ ಎಂಟು ಆಣೆ ಬೇರೆ ಇದೆ. ಹದಿನಾರು ಆಣೆಗೆ ಒಂದು ಗುಂಟೆ. ಇನ್ನೊಂದು ಕಾಲಂ ಸೇರಿಸಬೇಕು, ಕರೆಂಟ್ ಬಂದ ಮೇಲೆ.